ಜೋಡಿ ಹಂಚಿದ ಅಕ್ಕೋರು

ಅಕ್ಕೋರು ತೀರಿಕೊಂಡ ಮೂರನೆಯ ದಿನ ನಾವು ನಾಲ್ಕು ಜನ ದುರ್ಗದಬೈಲಿನ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ನಿಂತು ಜಗಳವಾಡುತ್ತಿದ್ದೆವು. ನಾನು, ಹತ್ತಿ ವ್ಯಾಪಾರದ ಸಾವಕಾರರು, ಗ್ಯಾರೇಜಿನ ಖಾದರ್‌ಸಾಬರು, ಆಸ್ಪತ್ರೆಯ ನರ್ಸ್ ಶಾಂತಕ್ಕ. ಶ್ರದ್ಧಾಂಜಲಿ ಸಭೆಗೆ ಒಂದು ಬೋರ್ಡು ಬೇಕಿತ್ತು. ಇಂಗ್ಲಿಷ್ ಕಲಿಸಿದವರಿಗೆ ಒಂದು ಸಾಲಾದರೂ ಇಂಗ್ಲಿಷಿನಲ್ಲಿ ಇರಲಿ ಎಂದು ಸಾವಕಾರರು ಹಟ ಹಿಡಿದಿದ್ದರು. ದುಃಖದಲ್ಲಿರುವ ವಿದ್ಯಾರ್ಥಿಗಳು ಎಂಬ ಅರ್ಥ ಬರುವಂತೆ ಒಂದು ಸಾಲನ್ನು ಬಾಯಲ್ಲೇ ಹೇಳಿದೆವು. ಅಂಗಡಿಯವನು ಅದನ್ನು ಕಂಪ್ಯೂಟರಿನಲ್ಲಿ ಹೊಂದಿಸಿ ತೋರಿಸಿದಾಗ ನೋಡಿದರೆ, ದುಃಖದ 'ಮಾರ್ನಿಂಗ್' ಕೂರಬೇಕಾದ ಜಾಗದಲ್ಲಿ ಬೆಳಗಿನ 'ಮಾರ್ನಿಂಗ್' ಬಂದು ಕೂತಿತ್ತು.

"ಇದು ಆ ಮಾರ್ನಿಂಗ್ ಅಲ್ರಿ" ಎಂದೆ.

"ಹಂಗಾದ್ರ ಈವ್ನಿಂಗ್ ಹಾಕ್ಲೇನ್ರಿ? ಪ್ರೋಗ್ರಾಮ್ ಎಷ್ಟು ಗಂಟೇಕ್ಕೈತಿ?" ಎಂದು ಅವನು ಕೀಲಿಮಣೆಯ ಮೇಲೆ ಬೆರಳಿಟ್ಟುಕೊಂಡೇ ಕೇಳಿದ.

ದುಃಖದ ಮಾರ್ನಿಂಗಿನಲ್ಲಿ ಒಂದು ಅಕ್ಷರ ಹೆಚ್ಚಿಗೆ ಇದೆ ಎಂಬುದು ನಾಲ್ವರಿಗೂ ಗೊತ್ತಿತ್ತು. ಅದು ಯಾವುದು, ಎಲ್ಲಿ ಕೂರುತ್ತದೆ ಎಂಬುದರ ಮೇಲೆ ಮಾತ್ರ ನಾಲ್ಕು ಅಭಿಪ್ರಾಯಗಳಿದ್ದವು. ಕೊನೆಗೆ ಶಾಂತಕ್ಕ ಜಗಳ ನಿಲ್ಲಿಸಿದರು. "ಸುಮ್ನ ಯಾಕ ಒದರ್ತೀರಿ? ಇದು ಯಾರ ಜೋಡಿ ಐತಿ, ಅವರಿಗೆ ಫೋನ್ ಹಚ್ರಿ."

ಅದು ಗದಗಿಗೆ ವರ್ಗವಾಗಿ ಹೋದ ಕ್ಯಾಶಿಯರ್ ಒಬ್ಬರ ಜೋಡಿ. ಫೋನ್ ಹಚ್ಚಿದೆವು. ಅವರು ಬಹಳ ಖುಷಿಯಿಂದ ಒಂದೊಂದೇ ಅಕ್ಷರ ಹೇಳಿ, "ನಡುವಿನ ಯು ಮರೀಬ್ಯಾಡ್ರಿ ಮತ್ತ" ಎಂದು ಎಚ್ಚರಿಸಿ, ಆಮೇಲೆ ಇದೆಲ್ಲ ಯಾರ ಸಲುವಾಗಿ ಎಂದು ಕೇಳಿದರು. ಅವರಿಗೆ ಸುದ್ದಿ ಮುಟ್ಟಿರಲಿಲ್ಲ. ಹೇಳಿದೆವು. ಅಂಗಡಿಯವನು ನಮ್ಮ ಮುಖ ನೋಡುತ್ತಾ ಸುಮ್ಮನೆ ಆ ಯು ಸೇರಿಸಿದ.

ಈ ಜೋಡಿ ಎಂದರೇನು ಎಂದು ಹೇಳದೆ ಅಕ್ಕೋರ ಬಗ್ಗೆ ಏನೂ ಹೇಳಲಿಕ್ಕಾಗುವುದಿಲ್ಲ. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳನ್ನು ಅಕ್ಕೋರು ಎನ್ನುತ್ತೇವೆ. ಇವರು ಯಾವ ಶಾಲೆಯಲ್ಲೂ ಕಲಿಸಿದವರಲ್ಲ. ಒಂದು ಕಚೇರಿಯಲ್ಲಿ ಮೂವತ್ತೊಂದು ವರ್ಷ ಸ್ಟೆನೋ ಆಗಿದ್ದು, ನಿವೃತ್ತಿಯಾದ ಮೇಲೆ ದೇಶಪಾಂಡೆ ನಗರದ ತಮ್ಮ ಮನೆಯ ಮುಂದಿನ ಕೋಣೆಯಲ್ಲಿ ಸಂಜೆ ಆರರಿಂದ ಏಳರವರೆಗೆ ಇಂಗ್ಲಿಷ್ ಕ್ಲಾಸು ಹಚ್ಚಿದರು. ಮಕ್ಕಳಿಗಲ್ಲ. ಮಕ್ಕಳಿಗೆ ಊರ ತುಂಬ ಟ್ಯೂಷನ್ ಇವೆ ಎನ್ನುತ್ತಿದ್ದರು. ಇವರ ಕ್ಲಾಸಿಗೆ ಬರುವವರೆಲ್ಲ ತಲೆ ಬೆಳ್ಳಗಾಗಲು ಶುರುವಾದವರು. ಕೆಲಸ ಬರುತ್ತದೆ, ಕೆಲಸದ ಬಗ್ಗೆ ಒಂದು ಪತ್ರ ಬರೆ ಎಂದರೆ ಬೆವರು ಬರುತ್ತದೆ, ಅಂಥವರು.

ನಾನು ಹೋದದ್ದು ಸುಮಾರು ಎಂಟು ವರ್ಷದ ಹಿಂದೆ. ಒಂದು ಖಾಸಗಿ ಪಾರ್ಸೆಲ್ ಲಾರಿ ಕಂಪನಿಯ ಬುಕಿಂಗ್ ಕೌಂಟರಿನಲ್ಲಿದ್ದೆ. ಮೊದಲ ದಿನ ಅಕ್ಕೋರು ನನ್ನ ಇಂಗ್ಲಿಷ್ ಎಷ್ಟಿದೆ ಎಂದು ಕೇಳಲೇ ಇಲ್ಲ. "ನಿಮ್ಮ ಕೆಲಸ ಏನ್ರಿ, ಮುಂಜಾನಿಂದ ಹೇಳ್ರಿ" ಎಂದರು. ಗೋಡೌನಿನ ಬಾಗಿಲು ತೆಗೆಯುವುದರಿಂದ ಹಿಡಿದು ಹಗ್ಗ ಕಟ್ಟುವವರೊಡನೆ ಜಗಳದವರೆಗೆ ಎಲ್ಲ ಹೇಳಿದೆ. ತುರುಬಿನಲ್ಲಿ ಸಿಕ್ಕಿಸಿಕೊಂಡಿದ್ದ ಪೆನ್ಸಿಲ್ ತೆಗೆದು ಒಂದು ಚೀಟಿಯ ಮೇಲೆ ಎರಡು ಶಬ್ದ ಬರೆದು ಕೈಗೆ ಕೊಟ್ಟರು. ಒಂದು 'ಲೂಸ್', ಅಂದರೆ ಸಡಿಲ. ಇನ್ನೊಂದು 'ಲೂಜ್', ಅಂದರೆ ಕಳೆದುಕೊಳ್ಳುವುದು.

"ನೀವು ಪಾರ್ಸೆಲ್‌ನವರು. ಕಟ್ಟೂದು ಸಡಿಲ, ಆಮ್ಯಾಲೆ ಕಳಕೊಳ್ಳೂದು. ಎರಡೂ ನಿಮಗ ದಿನಾ ಬೇಕು. ಈ ಜೋಡಿ ಇನ್ನ ನಿಮ್ದು. ಇದರಾಗ ಯಾರಿಗೆ ಸಂಶಯ ಬಂದ್ರೂ ನಿಮ್ಮನ್ನ ಕೇಳ್ತಾರ. ನಾ ಹೇಳೂದಿಲ್ಲ."

ಅವರು ನಿಜಕ್ಕೂ ಹೇಳುತ್ತಿರಲಿಲ್ಲ. ಯಾರಾದರೂ ಕೇಳಿದರೆ, "ಅದಕ್ಕ ಮಾಲಕರು ಇದ್ದಾರಲ್ರಿ" ಎಂದು ಬೆರಳು ತೋರಿಸಿ ಕನ್ನಡಕ ಒರೆಸುತ್ತಾ ಕೂರುತ್ತಿದ್ದರು. ಕಿವಿಗೆ ಒಂದೇ ಥರ ಕೇಳಿಸುವ ಇಂಗ್ಲಿಷ್ ಶಬ್ದಗಳನ್ನೆಲ್ಲ ಹೀಗೆ ಆಸ್ತಿ ಪಾಲು ಮಾಡಿದಂತೆ ಹಂಚಿಬಿಟ್ಟಿದ್ದರು. ಸಾವಕಾರರಿಗೆ 'ಬೇಲ್' ಬಂದಿತ್ತು: ಒಂದು ಹತ್ತಿಯ ದೊಡ್ಡ ಗಂಟು, ಒಂದು ಕೋರ್ಟಿನ ಜಾಮೀನು. ಚೀಟಿ ನೋಡಿ ಅವರು ಗಾಬರಿಯಾಗಿದ್ದರಂತೆ. "ಅಕ್ಕೋರ, ನಮ್ಮ ಮನಿತನದಾಗ ಕೋರ್ಟಿನ ಬೇಲ್ ಯಾರೂ ತಗೊಂಡಿಲ್ರಿ. ಹತ್ತಿದಷ್ಟ ಕೊಡ್ರಿ ಸಾಕು." ಶಾಂತಕ್ಕನಿಗೆ 'ಪೇಶಂಟ್ಸ್' ಮತ್ತು 'ಪೇಶನ್ಸ್', ಅಂದರೆ ರೋಗಿಗಳು ಮತ್ತು ತಾಳ್ಮೆ. "ಮೊದಲನೇದು ವಾರ್ಡ್ ತುಂಬ ಅದಾರ್ರಿ, ಎರಡನೇದು ನನ್ನ ಕಡೆ ಒಟ್ಟ ಇಲ್ಲ" ಎಂದು ಆಕೆ ಹೇಳಿದ್ದು ಕ್ಲಾಸಿನಲ್ಲಿ ಬಹಳ ದಿನ ಓಡಾಡಿತು. ಖಾದರ್‌ಸಾಬರಿಗೆ ಎರಡು 'ಬ್ರೇಕ್'. ಗಾಡಿ ನಿಲ್ಲಿಸುವುದು ಒಂದು, ಮುರಿಯುವುದು ಅಥವಾ ನಡುವೆ ಬಿಡುವು ಕೊಡುವುದು ಇನ್ನೊಂದು.

ಖಾದರ್‌ಸಾಬರು ಓದಿದ್ದು ಏಳನೆಯ ಇಯತ್ತೆ. ಗ್ಯಾರೇಜಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಆ ಎರಡೂ ಶಬ್ದ ಬರೆದಿಟ್ಟಿದ್ದರು. ಬೈಕಿನ ಬ್ರೇಕು ರಿಪೇರಿಗೆ ಬಂದ ಕಾಲೇಜು ಹುಡುಗರನ್ನು ನಿಲ್ಲಿಸಿ, ಇದರೊಳಗೆ ನಿಮ್ಮದು ಯಾವುದು ತೋರಿಸ್ರಿ ಎನ್ನುತ್ತಿದ್ದರು. ತಪ್ಪು ತೋರಿಸಿದರೆ ಗಾಡಿ ಲಗೂ ಸಿಗುತ್ತಿರಲಿಲ್ಲ.

ಅಕ್ಕೋರಿಗೆ ಈ ಶಬ್ದಗಳ ಹುಚ್ಚು ಹತ್ತಿದ್ದಕ್ಕೆ ಕಾರಣ ಅವರ ನೌಕರಿ. ಒಮ್ಮೆ ಹಲಗೆಯ ಮೇಲೆ ಒಂದು ಸಣ್ಣ ಕೊಂಕು ಗೆರೆ ಎಳೆದು ತೋರಿಸಿದ್ದರು. "ಶಾರ್ಟ್‌ಹ್ಯಾಂಡಿನ್ಯಾಗ ನಾವು ಸಪ್ಪಳ ಅಷ್ಟ ಬರಕೋತೀವ್ರಿ. ಎರಡು ಶಬ್ದದ ಸಪ್ಪಳ ಒಂದ ಇದ್ರ ಗೆರಿನೂ ಒಂದ. ಸಾಹೇಬ್ರು ಹೇಳಿ ಮನಿಗೆ ಹೋಗ್ತಿದ್ರು. ಟೈಪ್ ಮಾಡೂ ಮುಂದ ಆ ಗೆರಿ ಯಾವ ಶಬ್ದ ಅಂತ ನಾನ ಆರಿಸಬೇಕು. ಕಿವಿ ಮ್ಯಾಲೆ ಭರೋಸಾ ಇಡಬ್ಯಾಡ್ರಿ. ಶಬ್ದ ಅಲ್ಲಿ ಏನು ಕೆಲಸ ಮಾಡ್ಲಿಕತ್ತದ ನೋಡ್ರಿ." ಫೋನಿನಲ್ಲಿ ಬರೆದರೆ ಅದೇ ತಿದ್ದುತ್ತದೆ ಎಂದು ಯಾರೋ ಹೇಳಿದಾಗ, "ಫೋನಿಗೆ ಅಕ್ಷರ ಬರ್ತಾವ, ಖರೇ. ನಿಮ್ಮ ಹಂತೇಕ ಏನು ಕೆಲಸ ನಡದದ ಅಂತ ಅದಕ್ಕೇನು ಗೊತ್ತು?" ಎಂದಿದ್ದರು. ಯಾರಾದರೂ ಸರಿ ಉತ್ತರ ಹೇಳಿದರೆ ಭೇಷ್ ಎನ್ನುತ್ತಿರಲಿಲ್ಲ. "ಹ್ಞೂಂ, ಮುಂದ" ಎನ್ನುತ್ತಿದ್ದರು. ಆ ಹ್ಞೂಂ ಗಿಟ್ಟಿಸಲು ನಾವು ಐವತ್ತರ ಹತ್ತಿರದವರು ಜಗಳಾಡುತ್ತಿದ್ದೆವು.

ಪೇಟೆಯಲ್ಲಿ ಅವರ ಜೊತೆ ನಡೆಯುವುದು ಒಂದು ಶಿಕ್ಷೆ. ಬೋರ್ಡು ಓದದೆ ಒಂದು ಅಂಗಡಿಯನ್ನೂ ದಾಟುತ್ತಿರಲಿಲ್ಲ. ತಪ್ಪು ಕಂಡರೆ ಒಳಗೆ ಹೋಗುತ್ತಿದ್ದರು. ಆದರೆ ಸುಮ್ಮನೆ ತಪ್ಪು ತೋರಿಸುವುದು ಅವರಿಗೆ ಬಾರದು. ಮೊದಲು ಏನಾದರೂ ಕೊಳ್ಳಬೇಕು. "ಗಿರಾಕಿ ಆಗದ ತಪ್ಪು ತಗದ್ರ ಅದು ಅಧಿಕಪ್ರಸಂಗ ಆಗ್ತದ" ಎನ್ನುತ್ತಿದ್ದರು. ಹೀಗಾಗಿ ಅವರ ಅಡುಗೆಮನೆಯಲ್ಲಿ ಏಳು ಪ್ಲಾಸ್ಟಿಕ್ ಜರಡಿಗಳಿದ್ದವು, ಒಬ್ಬರೇ ಇರುವ ಮನೆಯಲ್ಲಿ ಮೂರು ಟಾರ್ಚುಗಳಿದ್ದವು. ವಿದ್ಯಾನಗರದ ಒಂದು ಬೇಕರಿಯ ಬೋರ್ಡಿನಲ್ಲಿ ಊಟದ ಕೊನೆಗೆ ತಿನ್ನುವ 'ಡೆಸರ್ಟ್' ಹೋಗಿ ಮರುಭೂಮಿಯ 'ಡೆಸರ್ಟ್' ಆಗಿತ್ತು. ಸಕ್ಕರೆ ಕಾಯಿಲೆಯ ಅಕ್ಕೋರು ನಾಲ್ಕು ಪೇಸ್ಟ್ರಿ ಕಟ್ಟಿಸಿಕೊಂಡು, ಆಮೇಲೆ ವಿಷಯ ತೆಗೆದರು.

"ಒಂದು ಎಸ್ ಕಡಿಮಿ ಆದ್ರ ಸಿಹಿ ಕಡಿಮಿ ಆಗ್ತೇತೇನ್ರಿ ಅಕ್ಕೋರ?" ಎಂದು ಬೇಕರಿಯವರು ನಕ್ಕರು.

"ಸಿಹಿ ಅಷ್ಟ ಅಲ್ರಿ, ಕುಡೀಲಿಕ್ಕೆ ನೀರೂ ಸಿಗೂದಿಲ್ಲ" ಎಂದು ಅಕ್ಕೋರು ಪೊಟ್ಟಣ ನನ್ನ ಕೈಗೆ ಕೊಟ್ಟು ಹೊರಗೆ ಬಂದರು. ನಾಲ್ಕೂ ಪೇಸ್ಟ್ರಿ ನಾನೇ ತಿಂದೆ. ಮರುವಾರ ಆ ಬೋರ್ಡಿಗೆ ಇನ್ನೊಂದು ಎಸ್ ಬಂದಿತ್ತು, ಜಾಗವಿಲ್ಲದೆ ಸ್ವಲ್ಪ ಓರೆಯಾಗಿ.

ಕ್ಲಾಸಿನಲ್ಲಿ ಒಂದೇ ಒಂದು ಕಟ್ಟುನಿಟ್ಟು ಇತ್ತು. ಜೋಡಿಯ ಮಾಲಕರು ಬೇರೆಯವರಿಗೆ ತಪ್ಪು ಹೇಳಿದರೆ ಚೀಟಿ ವಾಪಸು ಕೊಡಬೇಕು. ಕೊಟ್ಟವರಿಗೆ ಇನ್ನೊಂದು ಸಿಗುವುದಿಲ್ಲ. ಇದು ಅಕ್ಕೋರಿಗೂ ತಪ್ಪಿದ್ದಲ್ಲ. ನೌಕರಿಯಲ್ಲಿದ್ದಾಗ ಒಂದು ಪತ್ರದಲ್ಲಿ ತತ್ತ್ವದ 'ಪ್ರಿನ್ಸಿಪಲ್' ಬರೆಯುವಲ್ಲಿ ಕಾಲೇಜಿನ 'ಪ್ರಿನ್ಸಿಪಲ್' ಟೈಪ್ ಮಾಡಿ ಕಳಿಸಿದ್ದರಂತೆ. ಅಂದಿನಿಂದ ಆ ಜೋಡಿಯ ಬಗ್ಗೆ ಅವರು ಬಾಯಿ ಬಿಡುತ್ತಿರಲಿಲ್ಲ. "ಅದು ನನ್ನ ಕೈ ಬಿಟ್ಟು ಹೋಗ್ಯದ್ರಿ" ಎನ್ನುತ್ತಿದ್ದರು. ಕೇಳಿದಾಗ ನಗು ಬರುತ್ತಿತ್ತು. ಒಂದು ಶಬ್ದಕ್ಕೆ ಇಷ್ಟು ದೊಡ್ಡ ಪ್ರಾಯಶ್ಚಿತ್ತ ಯಾಕೆ ಎಂದು ನಾನೇ ಹಿಂದಿನಿಂದ ಅಣಕಿಸಿದ್ದೂ ಉಂಟು.

ಇಲ್ಲಿಯವರೆಗೆ ಹೇಳಿದ್ದು ಸಲೀಸು. ಇನ್ನು ಹೇಳುವುದು ನನ್ನ ಮರ್ಯಾದೆಯ ವಿಷಯ.

ಕ್ಲಾಸಿಗೆ ಸೇರಿದ ಎರಡನೆಯ ವರ್ಷ ಆಫೀಸಿನಲ್ಲಿ ನನ್ನನ್ನು ಬುಕಿಂಗ್ ಕೌಂಟರಿನಿಂದ ತೆಗೆದು ಪತ್ರವ್ಯವಹಾರದ ಖುರ್ಚಿಗೆ ಹಾಕಿದರು. ಆರು ತಿಂಗಳು ಪರೀಕ್ಷೆ. ಸರಿ ಬಂದರೆ ಖುರ್ಚಿ ನನ್ನದು, ಇಲ್ಲದಿದ್ದರೆ ಮತ್ತೆ ಕೌಂಟರು. ಫ್ಯಾನಿನ ಕೆಳಗೆ ಕೂತು ಕೆಲಸ ಮಾಡುವ ಸುಖ ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಸಿಕ್ಕಿತ್ತು. ಮನೆಯಲ್ಲಿ ನಾನು ಹೆಡ್ ಕ್ಲರ್ಕ್ ಆಗಿಯೇ ಬಿಟ್ಟೆ ಎಂದು ಹೇಳಿ, ಬೀಗರಿಗೆಲ್ಲ ಪೇಢೆ ಹಂಚಿ ಮುಗಿದಿತ್ತು.

ಐದನೆಯ ತಿಂಗಳಲ್ಲಿ ಎಲ್ಲ ಶಾಖೆಗಳಿಗೆ ಒಂದು ಸುತ್ತೋಲೆ ಕಳಿಸುವ ಕೆಲಸ ಬಂತು. ಲಾರಿ ಡ್ರೈವರುಗಳು ಊಟಕ್ಕೆ ಅರ್ಧ ಗಂಟೆ ಬ್ರೇಕ್ ತೆಗೆದುಕೊಳ್ಳಬಹುದು ಎಂಬ ವಿಷಯ. ಬರೆಯುತ್ತಾ ಬರೆಯುತ್ತಾ ಆ ಶಬ್ದಕ್ಕೆ ಬಂದು ನಿಂತೆ. ಕ್ಲಾಸಿನ ಪದ್ಧತಿಯಂತೆ ಮಾಲಕರಿಗೆ ಫೋನ್ ಮಾಡಿದೆ. ಹಿಂದೆ ಯಾವುದೋ ಇಂಜಿನ್ ಒದರುತ್ತಿತ್ತು. ಖಾದರ್‌ಸಾಬರು ಅದನ್ನು ಬಂದ್ ಮಾಡಿಸಿ ಸಾವಕಾಶವಾಗಿ ಹೇಳಿದರು.

"ಊಟಕ್ಕ ಬಿಡೂದು ಬಿ, ಆರ್, ಇ, ಎ, ಕೆ. ಗಾಡಿದು ಬಿ, ಆರ್, ಎ, ಕೆ, ಇ. ಬರಕೊಂಡ್ರೇನ್ರಿ ಅಣ್ಣಾರ?"

ಬರೆದುಕೊಂಡೆ. ಫೋನ್ ಇಟ್ಟ ಮೇಲೆ ನನ್ನ ತಲೆಯಲ್ಲಿ ಶಾಣ್ಯಾತನ ಹೊಕ್ಕಿತು. ನಾನು ಬಿ.ಕಾಂ. ಮುಗಿಸಿದವನು, ಆತ ಏಳನೆಯ ಇಯತ್ತೆ. ಗಾಡಿಯ ಬ್ರೇಕು ಬಿಟ್ಟು ಊಟದ ಬ್ರೇಕು ಆತನಿಗೇನು ಗೊತ್ತು, ಗಡಿಬಿಡಿಯಲ್ಲಿ ಅದಲುಬದಲು ಹೇಳಿರಬೇಕು ಎಂದುಕೊಂಡೆ. ಆತ ಹೇಳಿದ್ದನ್ನು ಉಲ್ಟಾ ಮಾಡಿ ಬರೆದೆ. ಬರೆದು, ಅವರ ತಪ್ಪು ತಿದ್ದಿದೆನೆಂಬ ಹೆಮ್ಮೆಯಲ್ಲಿ ಒಂದು ಚಹಾ ಕುಡಿದೆ.

ನಾಲ್ಕನೆಯ ದಿನ ಮುಂಬೈಯ ಹೆಡ್ ಆಫೀಸಿನಿಂದ ಉತ್ತರ ಬಂತು. ಡ್ರೈವರುಗಳು ಲಾರಿಯ ಬ್ರೇಕನ್ನು ಕಳಚಬೇಕಾದದ್ದು ಊಟಕ್ಕೆ ಮೊದಲೋ ಆಮೇಲೋ ಸ್ಪಷ್ಟಪಡಿಸಬೇಕು, ಮತ್ತು ಈ ಪತ್ರ ಬರೆದವರು ಯಾರು ಎಂದು ತಿಳಿಸಬೇಕು ಎಂದಿತ್ತು. ನಮ್ಮ ಮ್ಯಾನೇಜರು ಆ ಹಾಳೆಯನ್ನು ನನ್ನ ಮುಂದೆ ಹಿಡಿದಾಗ ಕೌಂಟರಿನ ಬಿಸಿಲು ನನಗೆ ಅಲ್ಲಿಯೇ ತಾಗಿತು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ.

"ನನಗ ಸಂಶಯ ಇತ್ರಿ ಸಾಹೇಬ್ರ. ಅದಕ್ಕ ತಿಳದವರನ್ನ ಕೇಳಿ ಬರದೆ. ಅವ್ರ ತಪ್ಪು ಹೇಳಿದ್ರು."

ಸುಳ್ಳು ಒಂದು ಸಲ ಹೊರಬಿದ್ದರೆ ಅದಕ್ಕೆ ಕಾಲು ಬರುತ್ತವೆ. ಆ ಸಂಜೆ ಕ್ಲಾಸಿಗೆ ಹೋದಾಗ ನನ್ನ ಮುಖ ನೋಡಿ ಎಲ್ಲರೂ ಏನಾಯಿತು ಎಂದರು. ಅಲ್ಲಿಯೂ ಅದನ್ನೇ ಹೇಳಿದೆ. ಹೇಳುವಾಗ ಸಿಟ್ಟು ಬೇರೆ ಬಂದಿತ್ತು, ಯಾಕೆ ಬಂದಿತ್ತೋ. "ಖಾದರ್‌ಸಾಬರ ಮಾತು ಕೇಳಿ ನನ್ನ ಖುರ್ಚಿ ಹೋಗೂ ಹೊತ್ತು ಬಂತು" ಎಂದೆ.

ಖಾದರ್‌ಸಾಬರು ನನ್ನನ್ನು ನೋಡಿದರು. ಅವರ ಕೈಯಲ್ಲಿ ಅರ್ಧ ತಿಂದ ಮಿರ್ಚಿ ಭಜಿ ಇತ್ತು. ಅದನ್ನು ಕಾಗದದ ಮೇಲೆ ಇಟ್ಟರು.

ಅಕ್ಕೋರು ನನ್ನ ಕಡೆ ತಿರುಗಿದರು. "ಗ್ಯಾರೇಜಿನ್ಯಾಗ ಗದ್ದಲ ಇರ್ತದ. ನಿಮಗ ಫೋನಿನ್ಯಾಗ ಸರಿ ಕೇಳಿಸಿರಲಿಕ್ಕಿಲ್ಲ. ಹಂಗ ಏನರ ಆಗ್ಯದೇನ್ರಿ?"

ಈಗ ಯೋಚಿಸಿದರೆ ಅವರು ನನಗೆ ಒಂದು ಬಾಗಿಲು ತೆರೆದಿಟ್ಟಿದ್ದರು. ಸುಮ್ಮನೆ ಹ್ಞೂಂ ಎಂದು ಅದರೊಳಗೆ ನುಸುಳಿ ಹೋಗಬಹುದಿತ್ತು. ನಾನು ಆ ಬಾಗಿಲನ್ನೂ ಮುಚ್ಚಿಬಿಟ್ಟೆ. "ಇಲ್ರಿ, ಸ್ವಚ್ಛ ಕೇಳಿಸಿತ್ತು" ಎಂದೆ.

"ಹಂಗಾದ್ರ ತಪ್ಪು ನಂದ್ರಿ" ಎಂದರು ಖಾದರ್‌ಸಾಬರು. ಜೇಬಿನಿಂದ ಎಣ್ಣೆ ಹತ್ತಿ ಕಂದಾದ ಚೀಟಿ ತೆಗೆದು ಅಕ್ಕೋರ ಮೇಜಿನ ಮೇಲೆ ಇಟ್ಟರು.

ಅಷ್ಟಕ್ಕೇ ಮುಗಿದಿದ್ದರೆ ನಾನು ಮರೆತುಬಿಡುತ್ತಿದ್ದೆನೋ ಏನೋ. ಮರುದಿನ ಹನ್ನೊಂದು ಗಂಟೆಗೆ ಅವರು ನಮ್ಮ ಆಫೀಸಿಗೆ ಬಂದರು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದರು, ಉಗುರಿನ ಸಂದಿಯ ಕರಿ ಮಾತ್ರ ಹಾಗೇ ಇತ್ತು. ನೇರ ಮ್ಯಾನೇಜರ ಕೋಣೆಗೆ ಹೋಗಿ ನಿಂತರು. ಮ್ಯಾನೇಜರು ನನ್ನನ್ನೂ ಒಳಗೆ ಕರೆದರು.

"ಸಾಹೇಬ್ರ, ಇವರು ಕೇಳಿದ್ದು ನನ್ನನ್ನ. ಆ ಶಬ್ದದ ಜವಾಬ್ದಾರಿ ನಂದೈತಿ. ಇವರದೇನೂ ತಪ್ಪಿಲ್ರಿ, ಖುರ್ಚಿ ತಗೀಬ್ಯಾಡ್ರಿ."

ಮ್ಯಾನೇಜರು ಅವರನ್ನು ಮೇಲಿಂದ ಕೆಳಗೆ ನೋಡಿದರು. "ನೀವೇನು ಮಾಡ್ತೀರಿ?"

"ಗ್ಯಾರೇಜ್ ಐತ್ರಿ. ಬ್ರೇಕಿನ ಕೆಲಸ ಜಾಸ್ತಿ."

ಮ್ಯಾನೇಜರು ನಗಲಾರದೆ ಇರಲಾರದೆ ಚಹಾ ತರಿಸಿದರು. ಒಬ್ಬ ಮೆಕ್ಯಾನಿಕ್ ಒಂದು ಇಂಗ್ಲಿಷ್ ಶಬ್ದದ ಸಲುವಾಗಿ ಅರ್ಧ ದಿನದ ಕೆಲಸ ಬಿಟ್ಟು ಬಂದು ಕ್ಷಮೆ ಕೇಳುವುದನ್ನು ಅವರು ಎಲ್ಲಿಯೂ ಕಂಡಿರಲಿಲ್ಲ. ಹೆಡ್ ಆಫೀಸಿಗೆ ಏನು ಬರೆದರೋ ಗೊತ್ತಿಲ್ಲ. ಮುಂದಿನ ತಿಂಗಳು ಖುರ್ಚಿ ನನ್ನದಾಯಿತು. ನಾನು ಖಾದರ್‌ಸಾಬರನ್ನು ಬಾಗಿಲವರೆಗೆ ಕಳಿಸಲು ಹೋದೆ. ಅವರು ಏನೂ ಕೇಳಲಿಲ್ಲ. ಸ್ಕೂಟರ್ ಚಾಲೂ ಮಾಡಿ, "ಬರ್ತೇನ್ರಿ ಅಣ್ಣಾರ" ಎಂದು ಹೋದರು. ನನಗೆ ಆಗ ಹೇಳಬೇಕಿತ್ತು. ಹೇಳಲಿಲ್ಲ. ನಾಚಿಕೆ ಎನ್ನುವುದಕ್ಕಿಂತ ಹೆದರಿಕೆ ದೊಡ್ಡದಿತ್ತು.

ಖಾದರ್‌ಸಾಬರ ಜೋಡಿಯನ್ನು ಅಕ್ಕೋರು ಸಾವಕಾರರಿಗೆ ಕೊಟ್ಟರು. ಖಾದರ್‌ಸಾಬರು ಕ್ಲಾಸು ಬಿಡಲಿಲ್ಲ. ಕಿಟಕಿಯ ಬದಿಯ ತಮ್ಮ ಜಾಗದಲ್ಲಿ ಮೊದಲಿನಂತೆಯೇ ಕೂರುತ್ತಿದ್ದರು. ಆದರೆ ಗ್ಯಾರೇಜಿನ ಗೋಡೆಯ ಮೇಲಿನ ಎರಡು ಶಬ್ದಗಳನ್ನು ಒರೆಸಿಬಿಟ್ಟರು. ಯಾರಾದರೂ ಬ್ರೇಕ್ ಬಗ್ಗೆ ಕೇಳಿದರೆ, "ಅದು ಈಗ ನಂದಲ್ರಿ, ಸಾವಕಾರ್ರನ್ನ ಕೇಳ್ರಿ" ಎನ್ನುತ್ತಿದ್ದರು. ದಿನವಿಡೀ ಬ್ರೇಕು ಬಿಚ್ಚಿ ಹಾಕುವ ಮನುಷ್ಯ ಬ್ರೇಕಿನ ಬಗ್ಗೆ ಕೇಳಿದವರನ್ನು ಹತ್ತಿ ವ್ಯಾಪಾರಿಯ ಹತ್ತಿರ ಕಳಿಸುವುದು ಮೊದಮೊದಲು ಎಲ್ಲರಿಗೂ ತಮಾಷೆಯಾಗಿತ್ತು. ನನಗೆ ಒಂದು ದಿನವೂ ತಮಾಷೆಯಾಗಲಿಲ್ಲ. ಆದರೂ ಬಾಯಿ ಬಿಡಲಿಲ್ಲ.

ಅಕ್ಕೋರಿಗೆ ಗೊತ್ತಿತ್ತು ಎಂಬ ಅನುಮಾನ ನನಗೆ ಆಗಲೇ ಇತ್ತು. ಅವರು ನನ್ನನ್ನು ಬೇರೆಯಾಗಿ ನೋಡಲಿಲ್ಲ, ಚುಚ್ಚಿ ಮಾತಾಡಲಿಲ್ಲ. ಒಂದೇ ಒಂದು ವ್ಯತ್ಯಾಸ ಕಂಡೆ. ನಾನು ಸರಿ ಉತ್ತರ ಹೇಳಿದಾಗ "ಮುಂದ" ಎನ್ನುತ್ತಿದ್ದರು, ಅದರ ಹಿಂದಿನ ಹ್ಞೂಂ ಇರುತ್ತಿರಲಿಲ್ಲ.

ಮೂರು ವರ್ಷಗಳ ನಂತರ ಅವರಿಗೆ ಗಂಟಲಿನ ತೊಂದರೆ ಶುರುವಾಯಿತು. ಮಾತು ಕಡಿಮೆ ಮಾಡಬೇಕು ಎಂದು ಡಾಕ್ಟರು ಹೇಳಿದರು. ಕ್ಲಾಸಿಗೆ ಬರುವವರೂ ಕಡಿಮೆಯಾಗಿ ಆರೇಳು ಜನ ಉಳಿದಿದ್ದೆವು. ಶಾಂತಕ್ಕ ಕೈಮುಗಿದು ಕೇಳಿಕೊಂಡರು: "ಸಾಕು ಮಾಡ್ರಿ ಅಕ್ಕೋರ, ನಾವು ಸುಮ್ನ ಬಂದು ಕೂತು ಹೋಗ್ತೇವಿ." ಅವರು ಒಪ್ಪಲಿಲ್ಲ. ದನಿ ಕುಗ್ಗಿದರೆ ಹಲಗೆಯ ಮೇಲೆ ಬರೆಯುತ್ತಿದ್ದರು, ಬರೆದು ಬರೆದು ಕೈ ನೋವಾದರೆ ನಮ್ಮ ಕೈಯಲ್ಲಿ ಸೀಮೆಸುಣ್ಣ ಕೊಡುತ್ತಿದ್ದರು. ಸಂಜೆ ಆರಕ್ಕೆ ಕೋಣೆಯ ದೀಪ ಹಚ್ಚುವುದು ಮಾತ್ರ ತಪ್ಪಲಿಲ್ಲ. ಇಂಗ್ಲಿಷ್ ಕಲಿಸುವ ಹುಚ್ಚು ಬಿಟ್ಟಿಲ್ಲ ಎಂದು ನಾವು ಮಾತಾಡಿಕೊಂಡೆವು.

ಹೋದ ವರ್ಷ ನಮ್ಮೆಲ್ಲರಿಗಿಂತ ಬಹಳ ಸಣ್ಣ ವಯಸ್ಸಿನ ಒಬ್ಬ ಹೊಸ ಹೆಣ್ಣುಮಗಳು ಕ್ಲಾಸಿಗೆ ಬಂದಳು. ಸ್ಕೂಟರ್ ಷೋರೂಮಿನಲ್ಲಿ ಕೆಲಸ. ಎರಡನೆಯ ದಿನವೇ ಅವಸರದಲ್ಲಿದ್ದಳು. ಗಿರಾಕಿಗಳಿಗೆ ಕಳಿಸಬೇಕಾದ ಪತ್ರವೊಂದನ್ನು ಅಂದೇ ಮುಗಿಸಬೇಕಿತ್ತು, ಅದರಲ್ಲಿ ಬ್ರೇಕ್ ಬಂದಿತ್ತು. ಪಕ್ಕದಲ್ಲಿದ್ದ ಖಾದರ್‌ಸಾಬರ ಕೈ ನೋಡಿ ಮೆಕ್ಯಾನಿಕ್ ಎಂದು ಅವಳಿಗೆ ತಿಳಿದಿರಬೇಕು. "ಕಾಕಾ, ಗಾಡಿ ಬ್ರೇಕಿಗೆ ಇದು ಬರ್ತೇತೋ ಇದೋ?" ಎಂದು ಎರಡು ಶಬ್ದ ಬರೆದು ಅವರ ಮುಂದೆ ಹಿಡಿದಳು.

"ಅದಕ್ಕ ಸಾವಕಾರ್ರು ಅದಾರವ್ವಾ. ಇವತ್ತ ಬಂದಿಲ್ಲ. ನಾಳಿ ಬರ್ತಾರ, ಆವಾಗ ಕೇಳು."

"ನಿಮಗ ಗೊತ್ತಿಲ್ಲೇನ್ರಿ?"

ಖಾದರ್‌ಸಾಬರು ಆ ಹಾಳೆಯನ್ನು ನೋಡಿದರು. ಆಮೇಲೆ ತಮ್ಮ ಅಂಗೈ ನೋಡಿಕೊಂಡರು. "ನಾ ಹೇಳಬಾರ್ದವ್ವಾ" ಎಂದರು.

ಅರವತ್ತರ ಮನುಷ್ಯ ಮಗಳ ವಯಸ್ಸಿನವಳ ಮುಂದೆ ಹಾಗೆ ಹೇಳುವುದನ್ನು ಕೇಳಿ ನನಗೆ ಕೂರಲಿಕ್ಕಾಗಲಿಲ್ಲ. ಎದ್ದು ನಿಂತೆ. ಎದ್ದ ಮೇಲೆ ಹೇಳದೆ ಬೇರೆ ದಾರಿ ಇರಲಿಲ್ಲ. ಅವರು ಸರಿಯಾಗಿಯೇ ಹೇಳಿದ್ದರು, ನಾನು ಬೇಕೆಂದೇ ಉಲ್ಟಾ ಬರೆದೆ, ಅವರಿಗಿಂತ ನನಗೆ ಹೆಚ್ಚು ಗೊತ್ತು ಎಂದುಕೊಂಡೆ, ಖುರ್ಚಿಯ ಆಸೆಗೆ ಅವರ ಹೆಸರು ಹೇಳಿದೆ, ಎಲ್ಲ ಹೇಳಿದೆ. ಐದು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದು ಹೊರಗೆ ಬರಲು ಎರಡು ನಿಮಿಷ ಸಾಕಾಯಿತು. ಆ ಹೊಸ ಹುಡುಗಿ ಮಾತ್ರ ಏನೂ ತಿಳಿಯದೆ ಹಾಳೆ ಹಿಡಿದುಕೊಂಡೇ ಕೂತಿದ್ದಳು.

"ಅದು ನನಗ ಗೊತ್ತಿತ್ತಲ್ರಿ" ಎಂದರು ಖಾದರ್‌ಸಾಬರು. "ನಾ ಏನು ಹೇಳೇನಿ ಅಂತ ನನಗ ಗೊತ್ತಿಲ್ಲೇನು?"

"ಮತ್ತ ಯಾಕ ಆಫೀಸಿಗೆ ಬಂದ್ರಿ?"

"ಅವತ್ತ ನಿಮ್ಮ ಮಾರಿ ನೋಡಿದೆ. ಭಾಳ ಅಂಜಿದ್ರಿ. ನಂದು ಚೀಟಿ ಹೋದ್ರ ಗ್ಯಾರೇಜಿಗೆ ಗಾಡಿ ಬರೂದು ನಿಲ್ಲೂದಿಲ್ಲ. ಆ ಖುರ್ಚಿ ಹೋದ್ರ ನೀವು ಮನಿಗೆ ಹ್ಯಾಂಗ ಹೋಗ್ತೀರಿ ಅನಿಸ್ತು." ಸ್ವಲ್ಪ ತಡೆದು, "ಬ್ಯಾಸರ ಆಗಿಲ್ಲ ಅಂದ್ರ ಸುಳ್ಳಾಗ್ತೇತಿ. ಆಗೇತಿ" ಎಂದರು.

ಕ್ಷಮಿಸ್ರಿ ಎಂದೆ. ಅವರು ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಆಮೇಲೆ ಆ ಹುಡುಗಿಯ ಹಾಳೆ ತೆಗೆದುಕೊಂಡು, ಅಕ್ಕೋರ ಮುಖವನ್ನೊಮ್ಮೆ ನೋಡಿದರು. ಅಕ್ಕೋರು ತಲೆ ಆಡಿಸಿದ ಮೇಲೆ ಸರಿಯಾದ ಶಬ್ದದ ಕೆಳಗೆ ಗೆರೆ ಎಳೆದರು.

ಅಕ್ಕೋರು ಖುರ್ಚಿಯಿಂದ ಎದ್ದು ನಿಧಾನವಾಗಿ ಹಲಗೆ ಒರೆಸಿದರು. ಮೂಲೆಯಲ್ಲಿ ತಿಂಗಳುಗಟ್ಟಲೆ ಉಳಿದಿದ್ದ ತಾರೀಖು, ಹೋಮ್‌ವರ್ಕ್, ಎಲ್ಲವನ್ನೂ ಒರೆಸಿದರು.

"ನಾಳಿಯಿಂದ ಕ್ಲಾಸ್ ಇಲ್ರಿ" ಎಂದರು.

ಶಾಂತಕ್ಕ ಗಾಬರಿಯಾಗಿ, "ಯಾಕ್ರಿ ಅಕ್ಕೋರ, ಇವರು ತಪ್ಪು ಮಾಡಿದ್ದಕ್ಕ ನಮಗೆಲ್ಲಾ ಶಿಕ್ಷಾ ಏನ್ರಿ?" ಎಂದು ಕೇಳಿದರು.

"ಶಿಕ್ಷಾ ಅಲ್ಲವ್ವಾ" ಎಂದರು ಅಕ್ಕೋರು. ದನಿ ಪೂರಾ ಇಳಿದಿತ್ತು, ಎಲ್ಲರೂ ಮುಂದೆ ಬಾಗಿ ಕೇಳಿಸಿಕೊಂಡೆವು. "ಡಾಕ್ಟರು ಬಂದ್ ಮಾಡ್ರಿ ಅಂದಾಗನ ಮಾಡಬೇಕಂತ ಮಾಡಿದ್ದೆ. ಆದ್ರ ತಪ್ಪು ಹೇಳಿದವರು ಅನ್ನೂ ಹೆಸರು ಹೊತ್ಕೊಂಡು ಖಾದರ್‌ಸಾಬರು ನನ್ನ ಮನಿ ಮೆಟ್ಟಲಾ ಇಳದು ಹೋಗೂದು ನನಗ ಬ್ಯಾಡಾಗಿತ್ತು. ಅದಕ್ಕ ಇವರು ಬಾಯಿ ಬಿಡ್ಲಿ ಅಂತ ದಿನಾ ದೀಪ ಹಚ್ಚಿ ಕೂತಿದ್ದೆ."